ರುದ್ರಪ್ಪನ ಅಳತೆ ಸೀಸೆ

ಹೋದ ವಾರ ಶಿವಮೊಗ್ಗದಲ್ಲಿ ನನಗೊಂದು ಆಪರೇಶನ್ ಆಯಿತು. ವಯಸ್ಸಾದ ಗಂಡಸರಿಗೆ ಆಗುವಂಥದ್ದೇ, ವಿವರ ಬೇಡ. ಮರುದಿನ ಬೆಳಿಗ್ಗೆ ನರ್ಸಮ್ಮ ಬಂದು, ಮಂಚಕ್ಕೆ ತೂಗುಹಾಕಿದ್ದ ಚೀಲದಿಂದ ಮೂತ್ರವನ್ನು ಗೆರೆಗಳಿದ್ದ ಜಾಡಿಗೆ ಬಗ್ಗಿಸಿ, ಬೆಳಕಿಗೆ ಹಿಡಿದು, ಅಂಕಿ ಬರೆದುಕೊಂಡಳು. ಅಷ್ಟಕ್ಕೇ ನನ್ನ ಹೊಟ್ಟೆಯೊಳಗೆ ಹಳೆಯ ಉರಿಯೊಂದು ಎದ್ದಿತು. ಹೊಲಿಗೆಯ ಉರಿ ಎಂದುಕೊಳ್ಳಬೇಡಿ. ಅದಕ್ಕೆ ಗುಳಿಗೆ ಕೊಟ್ಟಿದ್ದರು. ಇದು ರುದ್ರಪ್ಪನ ಮೇಲಿನ ಹೊಟ್ಟೆಕಿಚ್ಚು.

ರುದ್ರಪ್ಪನೂ ನಾನೂ ಮೆಡಿಕಲ್ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ಎಂಟು ಮಂಚದ ನರ್ಸಿಂಗ್ ಹೋಂ ತೆರೆದೆ, ಅವನು ಸೊರಬದಲ್ಲಿ ಆರು ಮಂಚದ್ದು. ಸರ್ಜರಿಯಲ್ಲಿ ಚಿನ್ನದ ಪದಕ ನನ್ನದು. ಅವನು ಒಂದು ಹರ್ನಿಯಾ ಮುಗಿಸುವಷ್ಟರಲ್ಲಿ ನಾನು ಎರಡು ಮುಗಿಸಿ ಕಾಫಿಯನ್ನೂ ಕುಡಿದಿರುತ್ತಿದ್ದೆ. ಹೀಗಿದ್ದೂ ಜನ ನನ್ನ ಬಾಗಿಲ ಮುಂದೆಯೇ ಬಸ್ಸು ಹತ್ತಿ, ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುತ್ತಿದ್ದರು. ಅವನ ರೋಗಿಗಳು ಬೇಗ ಎದ್ದು ಓಡಾಡುತ್ತಿದ್ದರು. ನನ್ನವರಲ್ಲಿ ಕೆಲವರು, ಹೊಲಿಗೆ ಅಚ್ಚುಕಟ್ಟಾಗಿ ಕೂಡಿದ ಮೇಲೂ, ಮುಖ ಊದಿಕೊಂಡು ಮಲಗಿರುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾನು ಶಿಕಾರಿಪುರದ ಬಿಸಿಲನ್ನು ದೂರುತ್ತಿದ್ದೆ.

ಅವನ ಗುಟ್ಟೇನೆಂದು ನೋಡಲು ಒಂದು ಭಾನುವಾರ ಸೊರಬಕ್ಕೆ ಹೋದೆ. ಪ್ರತಿ ಮಂಚದ ಕೆಳಗೂ ಕಾಗದದ ಪಟ್ಟಿ ಅಂಟಿಸಿ ಗೆರೆ ಎಳೆದ ಒಂದು ಸೀಸೆ. ಆಪರೇಶನ್ ಆದವರ ಮೂತ್ರವೆಲ್ಲ ಅದಕ್ಕೆ ಬೀಳಬೇಕು. ಅವನೇ ಬಗ್ಗಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ, ಅವರು ಕುಡಿದ ನೀರನ್ನೂ ಬರೆಯುತ್ತಿದ್ದ.

“ಮೂತ್ರ ಕಮ್ಮಿ ಆದೋರೇ ಕಷ್ಟಕ್ಕೆ ಬೀಳ್ತಾರೆ ಮಾರಾಯ. ನೀರಿಲ್ದೆ ಮೂತ್ರಪಿಂಡ ಸೊರಗ್ತದೆ. ಎರಡನೇ ದಿನ ಗೊತ್ತಾದ್ರೆ ಸಲೈನ್ ಹಾಕಿ ಉಳಿಸ್ಬಹುದು, ಆಮೇಲೆ ಕೈ ಮೀರ್ತದೆ. ನೀನೂ ಅಳೆದು ನೋಡು, ಇಬ್ಬರದ್ದೂ ಸೇರಿಸಿ ಬರೆಯೋಣ” ಎಂದ.

ನಮ್ಮ ಕಡೆ ಆಗ ಹೊಲಿಗೆ ಬಿದ್ದವರಿಗೆ ನೀರು ಕೊಡುತ್ತಿರಲಿಲ್ಲ. ಬಾಣಂತಿಯ ಪಥ್ಯವೇ ಇವರಿಗೂ. “ಹಸಿ ಹೊಲಿಗಿ ಐತಿ, ನೀರು ಕುಡಿದ್ರ ಕೀವು ಆಕ್ಕತಿ” ಎಂದು ಮನೆಯ ಹಿರಿಯ ಹೆಂಗಸರು ರೋಗಿಯ ತುಟಿಗೆ ಒದ್ದೆ ಬಟ್ಟೆ ಒತ್ತಿ ಸುಮ್ಮನಾಗುತ್ತಿದ್ದರು. ವೈದ್ಯನಾದ ನಾನು ತಡೆಯಬೇಕಿತ್ತು. ರುದ್ರಪ್ಪ ಹೇಳಿದ ಮೇಲಂತೂ ನೀರು ಕೊಡಿ ಎನ್ನಲು ನನಗೆ ನಾಲಿಗೆಯೇ ಏಳಲಿಲ್ಲ. ಪದಕದವನು ಸೀಸೆಯವನ ಮಾತು ಕೇಳುವುದೇ? ವಾಪಸ್ ಬಂದು ಅವನಿಗೆ ‘ಉಚ್ಚೆ ಡಾಕ್ಟರು’ ಎಂದು ಹೆಸರಿಟ್ಟೆ. ಬಸ್ಸಿನವರೆಲ್ಲ ನಕ್ಕರು, ನಕ್ಕು ಅವನಲ್ಲಿಗೇ ಹೋದರು.

ಆ ಬೇಸಿಗೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಕಾಸಿಂಸಾಬನನ್ನು ನನ್ನಲ್ಲಿಗೆ ಹೊತ್ತು ತಂದರು. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ವಾಂತಿ ಮಾಡಿ ಮಾಡಿ ಸುಸ್ತಾಗಿದ್ದ. ಆಪರೇಶನ್ ಚೆನ್ನಾಗಿಯೇ ಆಯಿತು. ಎರಡನೇ ದಿನ ಅವನ ಹೆಂಡತಿ ಹುಸೇನ್‌ಬಿ ನನ್ನ ಬಾಗಿಲಲ್ಲಿ ನಿಂತಳು.

“ಸಾಹೇಬ್ರ, ನಿನ್ನಿಯಿಂದ ಉಚ್ಚಿ ಅರ್ಧ ಪಾವೂ ಆಗಿಲ್ಲ ರೀ. ನಾನೇ ಹಿಡಿದು ನೋಡೀನಿ.”

“ನೀರೇ ಕುಡಿದಿಲ್ಲ, ಎಲ್ಲಿಂದ ಬರಬೇಕಮ್ಮ?” ಎಂದು ನಕ್ಕೆ. ರುದ್ರಪ್ಪ ಹೇಳಿದ್ದೂ ಇದನ್ನೇ. ನನ್ನ ಬಾಯಿಂದಲೇ ಬಂದ ಮಾತು ನನ್ನ ಕಿವಿಗೆ ಬೀಳಲಿಲ್ಲ.

“ಸೊರಬಕ್ಕ ಕರ್ಕೊಂಡು ಹೋಗ್ಲೇನ್ರಿ?” ಎಂದಳು, ಮೆಲ್ಲಗೆ.

“ಹೋಗು. ಆದರೆ ಇನ್ನು ನನ್ನ ಮೆಟ್ಟಿಲು ಹತ್ತಬೇಡ” ಎಂದೆ. ಪಾಪ, ಹೆದರಿ ಉಳಿದಳು. ಸಲೈನ್ ಬಾಟಲಿ ನನ್ನ ಬೀರುವಿನಲ್ಲೇ ಇತ್ತು. ಹಾಕಿದರೆ ರುದ್ರಪ್ಪನೇ ಗೆದ್ದಂತೆ ಎಂದು ಆ ದಿನ ಕಳೆದೆ, ಮರುದಿನವೂ ಕಳೆದೆ. ನಾಲ್ಕನೇ ದಿನ ಬಿಕ್ಕಳಿಕೆ ಹಿಡಿಯಿತು. ಆಗ ಹಾಕಿದ ಸಲೈನ್ ಮೈಯಲ್ಲಿ ಊತವಾಯಿತೇ ಹೊರತು ಒಂದು ಹನಿ ಹೊರಬರಲಿಲ್ಲ. ವಾರದೊಳಗೆ ಕಾಸಿಂಸಾಬ ತೀರಿಕೊಂಡ.

ಕೆಲವು ತಿಂಗಳ ಮೇಲೆ ರುದ್ರಪ್ಪನ ಕಾಗದ ಬಂತು. ಲೇಖನ ಬರೆಯುತ್ತಿದ್ದೇನೆ, ನಿನ್ನಲ್ಲಿ ಮೂತ್ರ ನಿಂತು ತೀರಿದವರು ಯಾರಾದರೂ ಇದ್ದರೆ ತಿಳಿಸು ಎಂದಿದ್ದ. ಯಾರೂ ಇಲ್ಲ ಎಂದು ಕಾರ್ಡು ಹಾಕಿದೆ. ಅವನ ಲೇಖನ ದೊಡ್ಡ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ನನ್ನ ಪದಕ ಆ ದಿನದಿಂದ ಪೆಟ್ಟಿಗೆ ಸೇರಿತು.

ನಿನ್ನೆ ಸಂಜೆ ರುದ್ರಪ್ಪ ನನ್ನನ್ನು ನೋಡಲು ಬಂದ. ಕೋಲು ಹಿಡಿದಿದ್ದಾನೆ. ಮುಖ ಮಾತ್ರ ಅದೇ, ಅವಸರವಿಲ್ಲದ್ದು. ಕೂತವನಿಗೆ ನೀರು ಕೊಡುವ ಮೊದಲೇ ನಾನು ಹೇಳಿಬಿಟ್ಟೆ: “ಒಬ್ಬ ಇದ್ದ ಕಣೋ. ಕಾಸಿಂಸಾಬ ಅಂತ.”

“ಗೊತ್ತು. ಹುಸೇನ್‌ಬಿ ಆವಾಗ್ಲೇ ಬಂದು ಹೇಳಿದ್ಲು, ದಿನದಿನದ ಅಳತೆ ಸಮೇತ. ಲೇಖನದಲ್ಲಿ ಸೇರಿಸಿದ್ದೆ. ಯಾವ ಊರು, ಯಾವ ಡಾಕ್ಟ್ರು ಅಂತ ಬರೀಲಿಲ್ಲ ಅಷ್ಟೇ” ಎಂದ.

“ಮತ್ತೆ ನನ್ನನ್ನ ಯಾಕೆ ಕೇಳಿದೆ?”

“ನೀನೇ ಹೇಳ್ತೀಯ ಅಂದ್ಕೊಂಡಿದ್ದೆ.”

ಅಷ್ಟು ವರ್ಷ ಎಲ್ಲ ಗೊತ್ತಿದ್ದೂ ಪ್ರತಿ ಮದುವೆಯಲ್ಲಿ ನನ್ನ ಪಕ್ಕದ ಎಲೆಗೇ ಬಂದು ಕೂರುತ್ತಿದ್ದನಲ್ಲ ಈ ಮನುಷ್ಯ ಎಂದು ಮತ್ತೆ ಹೊಟ್ಟೆ ಉರಿಯಿತು. ಆಮೇಲೆ ಕೇಳಿದೆ, ಹುಸೇನ್‌ಬಿ ಇದ್ದಾಳೆಯೇ ಎಂದು. ಹೋದ ವರ್ಷ ತೀರಿಕೊಂಡಳು ಎಂದ.