ನಮ್ಮದು ಪಡುಮನೆ ಘರಾನಾ

ಗೆಳೆಯರೇ, ನಮ್ಮ ಪಡುಮನೆಯವರ ಗಾಯನದ ಕೀರ್ತಿ ಮುಂಬಯಿಯ ಬೊರಿವಲಿವರೆಗೂ ಹಬ್ಬಿದೆಯೆಂದು ಇಂದು ಗೊತ್ತಾಯಿತು.

ಮಗಳನ್ನು ಅಲ್ಲಿನ ಸಂಗೀತ ಕಾಲೇಜಿಗೆ ಸೇರಿಸುವುದೋ ಬೇಡವೋ ಎಂದು ನೋಡಲು ಹೋಗಿದ್ದೆವು. ತೀರ್ಮಾನ ಹೇಳಲು ಅವಳ ಸೋದರಮಾವ, ಸಯನ್‌ನಲ್ಲಿ ಹೋಟೆಲ್ ನಡೆಸುವ ನನ್ನ ಅಣ್ಣ, ಜೊತೆಗಿದ್ದ.

ಪ್ರೊಫೆಸರು, "ಆಪ್ ಕಾ ಘರಾನಾ?" ಎಂದರು. ಅವರು ಕೇಳಿದ್ದು ಹಾಡುಗಾರಿಕೆಯ ಪರಂಪರೆ. ಅಣ್ಣ ಎದೆಯುಬ್ಬಿಸಿ ಮನೆತನ ಹೇಳಿದ: "ಪಡುಮನೆ. ಉಡುಪಿ ಕೆ ಪಾಸ್."

ಪ್ರೊಫೆಸರು ಕಣ್ಣು ಮುಚ್ಚಿ, ನಮ್ಮವರ ಇಂಪಾದ ಹಾಡು ಕೇಳಿ ಗೊತ್ತಿದ್ದವರಂತೆ ತಲೆದೂಗಿದರು. "ಸುನಾ ಹೈ. ಬಹುತ್ ಮೀಠಾ ಗಾತೇ ಹೈಂ."

ಹೊರಗೆ ಬಂದದ್ದೇ ಅಣ್ಣ, "ಒಳ್ಳೆ ಕಾಲೇಜು ಮಾರಾಯ್ತಿ. ನಮ್ಮ ಮನೆ ಗೊತ್ತುಂಟು ಅವರಿಗೆ. ಸೇರಿಸುವ" ಎಂದ.

"ಅದಕ್ಕೇ ತೋ ಬೇಡ ಮಾಮಾ" ಎಂದಳು ಮಗಳು.

ಪಡುಮನೆಯಲ್ಲಿ ಇದುವರೆಗೆ ಹಾಡಿದ್ದು ದೋಸೆಹಿಟ್ಟಿನ ಗ್ರೈಂಡರ್ ಒಂದೇ. ಅದೂ ಮೀಠಾ ಏನಲ್ಲ.