ಸೀಗೆಪುಡಿ ಪೊಟ್ಟಣದ ಮೇಲಿನ ಮಾದಪ್ಪ

೧೯೫೪ರಲ್ಲಿ ನಾನು ಚಾಮರಾಜನಗರದಲ್ಲಿ ಒಂದು ಚಿಕ್ಕ ಕಮರ್ಷಿಯಲ್ ಆರ್ಟ್ ಸ್ಟುಡಿಯೋ ನಡೆಸುತ್ತಿದ್ದೆ. ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಅಲ್ಲಿಯ ಒಂದು ಮುದ್ರಣಾಲಯದಲ್ಲಿ ಕೆಲಕಾಲ ಲೇಬಲ್ ಬರೆದು, ಹಿಂದಿನ ವರ್ಷವಷ್ಟೇ ಸ್ವಂತ ಬೋರ್ಡು ತೂಗುಹಾಕಿದ್ದೆ. ಸ್ಟುಡಿಯೋ ಎಂದರೆ ರೈಲು ನಿಲ್ದಾಣದ ದಾರಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಮುಂಗೋಣೆ, ಒಂದು ಇಳಿಜಾರು ಮೇಜು, ಬಣ್ಣದ ಡಬ್ಬಿಗಳು. ಬೋರ್ಡಿನ ಮೇಲೆ ‘ಸ್ಟುಡಿಯೋ’ ಎಂಬ ಮಾತು ನೋಡಿ ಒಳಗೆ ಬಂದವರಲ್ಲಿ ಹೆಚ್ಚಿನವರು ಫೋಟೋ ತೆಗೆಸಲು ಬಂದವರೇ. ತಲೆ ಬಾಚಿ, ಪೌಡರ್ ಹಚ್ಚಿಕೊಂಡು ಬಂದ ಮದುವೆ ಗಂಡುಗಳನ್ನು ಸಮಾಧಾನ ಮಾಡಿ ವಾಪಸು ಕಳಿಸುವುದೇ ಆ ದಿನಗಳಲ್ಲಿ ನನಗೊಂದು ಉದ್ಯೋಗವಾಗಿತ್ತು.

ನಿಜವಾದ ಕೆಲಸ ಅಂಗಡಿ ಬೋರ್ಡು, ಬೀಡಿ ಕಟ್ಟಿನ ಲೇಬಲ್, ಟೆಂಟ್ ಸಿನಿಮಾದವರ ಸ್ಲೈಡು ಇಂಥವು. ಲೇಬಲ್ ಮಾಡುವ ಕ್ರಮ ಈಗಿನವರಿಗೆ ಗೊತ್ತಿರಲಾರದು. ದಪ್ಪ ಬಿಳಿ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಚಿತ್ರ ಬರೆದು ಬೆಂಗಳೂರಿಗೆ ಕಳಿಸಬೇಕು. ಅಲ್ಲಿ ಅದನ್ನು ಸತುವಿನ ತಗಡಿನ ಮೇಲೆ ಕೊರೆದು, ಮರದ ತುಂಡಿಗೆ ಮೊಳೆ ಹೊಡೆದು ಕಳಿಸುತ್ತಾರೆ. ಇದೇ ಬ್ಲಾಕು. ಒಂದೊಂದು ಬಣ್ಣಕ್ಕೆ ಒಂದೊಂದು ಬ್ಲಾಕು. ಅದನ್ನು ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರಕ್ಕೆ ಹಾಕಿ ಅಚ್ಚು ಮಾಡಬೇಕು. ಬ್ಲಾಕು ಬಂದಮೇಲೆ ಚಿತ್ರದಲ್ಲಿ ಒಂದು ಗೆರೆ ಬದಲಾಯಿಸಬೇಕೆಂದರೂ ಮೊದಲಿನಿಂದ ಶುರು.

ಆ ವರ್ಷ ಮುಂಗಾರಿಗೆ ಮುಂಚೆ ಗುಂಡ್ಲುಪೇಟೆಯಿಂದ ಪುಟ್ಟತಾಯಮ್ಮ ಎಂಬ ಹೆಂಗಸು ತನ್ನ ತಮ್ಮ ನಂಜಪ್ಪನನ್ನು ಕರೆದುಕೊಂಡು ಬಂದರು. ನಲವತ್ತರ ಆಸುಪಾಸಿನವರು, ಮಾತು ಖಡಕ್ಕು. ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ ಮೇಲೆ ಅವರಿವರ ಮನೆಯಲ್ಲಿ ಸೀಗೆಕಾಯಿ, ರಾಗಿ, ಮೆಣಸಿನಕಾಯಿ ಕುಟ್ಟಿ ಸಂಸಾರ ನಡೆಸಿದ್ದವರು. ಈಗ ಆ ಕೂಲಿ ಬಿಟ್ಟು, ಹತ್ತಿರದ ಹಂಗಳ ಎಂಬ ಊರಿನ ಕಾಡಂಚಿನಿಂದ ಬಂದ ಸೀಗೆಕಾಯಿಯನ್ನು ತಾವೇ ಕೊಂಡು, ಮೆಂತ್ಯ, ಹೆಸರುಕಾಳು ಸೇರಿಸಿ, ನಯವಾಗಿ ಜರಡಿ ಹಿಡಿದು, ಒಂದು ಸಲದ ಎಣ್ಣೆಸ್ನಾನಕ್ಕೆ ಆಗುವಷ್ಟನ್ನು ಪೊಟ್ಟಣ ಕಟ್ಟಿ ಮಾರುವ ಯೋಚನೆ ಅವರದು. ಆ ಕಾಲಕ್ಕೆ ಅದು ಹೊಸ ಬುದ್ಧಿ. ಕುಟ್ಟಿದ್ದ ಪುಡಿ ಒಂದು ಕೋಣೆ ತುಂಬ ಇತ್ತು. ದೀಪಾವಳಿಯೊಳಗೆ ಅದು ಮಾರಾಟವಾಗದಿದ್ದರೆ ಹಿಂಗಾರಿನ ಥಂಡಿಗೆ ಹುಳು ಬೀಳುತ್ತದೆ. ಆಮೇಲೆ ಮತ್ತೆ ಕಂಡವರ ಮನೆಯ ಒನಕೆಯೇ ಗತಿ.

“ಪೊಟ್ಣದ್ ಮ್ಯಾಲೆ ನಮ್ಮಪ್ಪ ಮಾದಪ್ಪ ಇರ್ಬೇಕು ಮೇಷ್ಟ್ರೇ. ಹುಲಿ ಮ್ಯಾಲೆ ಕೂತಿರ್ಬೇಕು” ಎಂದರು.

ನಮ್ಮ ಕಡೆಯವರು ಮಲೆ ಮಹದೇಶ್ವರನನ್ನು ಕರೆಯುವುದೇ ಮಾದಪ್ಪ ಎಂದು. ಸ್ವಂತ ಕಾಲ ಮೇಲೆ ನಿಂತರೆ ನನ್ನ ಸರಕಿನ ಮೇಲೆ ನಿನ್ನನ್ನೇ ಕೂರಿಸುತ್ತೇನೆ ಎಂದು ಅವರು ಹರಕೆ ಹೊತ್ತಿದ್ದರು. ಹರಕೆಗೆ ತಕ್ಕ ತರ್ಕವೂ ಇತ್ತು. ಆ ದೇವರಿಗೆ ಎಣ್ಣೆಮಜ್ಜನದ ಸೇವೆ ಎಂದರೆ ಬಲು ಪ್ರೀತಿ. ಎಣ್ಣೆ ಇಳಿಸುವ ಪುಡಿಯ ಮೇಲೆ ಅವನಿಲ್ಲದೆ ಇನ್ನಾರು? ನನಗೂ ಇದು ಒಪ್ಪಿಗೆಯಾಯಿತು. ಹಳದಿ, ಕಪ್ಪು ಎರಡು ಬಣ್ಣದಲ್ಲಿ, ಹುಲಿಯ ಮೀಸೆಯ ಒಂದೊಂದು ಎಳೆಯನ್ನೂ ಬಿಡದೆ ಬರೆದೆ. ಅಚ್ಚಾಗಿ ಬಂದ ಮೊದಲ ಹಾಳೆಯನ್ನು ಟ್ರೆಡಲ್ ತುಳಿಯುತ್ತಿದ್ದವನೇ ಕಣ್ಣಿಗೊತ್ತಿಕೊಂಡ. ನಾನು ನೆಲದಿಂದ ಒಂದು ಗೇಣು ಮೇಲೆ ನಡೆದೆ.

ಶ್ರಾವಣದಲ್ಲಿ ನಂಜಪ್ಪ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಸಂತೆ ಸಂತೆ ಸುತ್ತಿದ. ಪೊಟ್ಟಣ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಒಯ್ದದ್ದೆಲ್ಲ ಮಧ್ಯಾಹ್ನದೊಳಗೆ ಮುಗಿಯುತ್ತದೆಂದು ಅವನು ಸ್ಟುಡಿಯೋಗೆ ಬಂದು ಹೇಳಿಹೋದ. ಆದರೆ ಭಾದ್ರಪದ ಬರುವ ಹೊತ್ತಿಗೆ ಕೇಳುವವರೇ ಇಲ್ಲ. ಒಮ್ಮೆ ಕೊಂಡವರು ಇನ್ನೊಮ್ಮೆ ಬರಲಿಲ್ಲ. ಅಂಗಡಿಯವರು ಉಳಿದ ಪೊಟ್ಟಣಗಳನ್ನು ಮರ್ಯಾದೆಯಿಂದಲೇ, ಎರಡೂ ಕೈಯಲ್ಲಿ ಹಿಡಿದು, ವಾಪಸು ಕೊಟ್ಟರು. ಪುಡಿಯಲ್ಲಿ ದೋಷವಿದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದರಂತೆ. ಮತ್ತೇನು ಎಂದರೆ ಬೇರೆ ಗಿರಾಕಿಯ ಕಡೆ ತಿರುಗುತ್ತಿದ್ದರಂತೆ.

ದಸರಾ ಕಳೆದ ವಾರ ನಾನೇ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ನಂಜಪ್ಪನ ಜೊತೆ ಹಂಗಳಕ್ಕೆ ಹೋದೆ. ಅವನ ಬಳಿ ಮೊದಲ ಪೊಟ್ಟಣ ಕೊಂಡ ಮನೆಗೆ ಕರೆದೊಯ್ದ. ಒಳಗೆ ಕಾಲಿಟ್ಟವನು ನಿಂತಲ್ಲೇ ನಿಂತೆ. ದೇವರ ಗೂಡಿನ ಮೇಲೆ ನನ್ನ ಪೊಟ್ಟಣ ಮೊಳೆಗೆ ತೂಗುತ್ತಿತ್ತು. ವಿಭೂತಿ ಬಳಿದಿದ್ದರು, ಮೇಲೊಂದು ಕಣಗಲೆ ಹೂವು. ಒಳಗಿನ ಪುಡಿ ಒಳಗೇ ಇತ್ತು.

“ಬಳಸಲಿಲ್ಲವೇನಮ್ಮ?” ಎಂದು ಕೇಳಿದೆ.

ಆ ಮನೆಯಾಕೆ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. “ಎಂಗ್ ಕುಯ್ಯಾದು ಸ್ವಾಮಿ? ಮಾದಪ್ಪನ್ ಎದೆ ಮ್ಯಾಲೆ ಕತ್ರಿ ಆಡ್ಸನಾ?”

ಪಕ್ಕದ ಮನೆಯವಳು ಧೈರ್ಯ ಮಾಡಿ ತಳ ಬಿಚ್ಚಿದ್ದಳಂತೆ. ಬಚ್ಚಲಲ್ಲಿ ಒದ್ದೆ ಕೈಯಿಂದ ಕಾಗದ ಜಾರಿ ನೀರಿಗೆ ಬಿತ್ತು. ಎಣ್ಣೆ ತಲೆಯಲ್ಲೇ ಎದ್ದುಬಂದು, ಕಾಗದ ಎತ್ತಿ ಒಣಗಿಸಿ, ತಪ್ಪುಕಾಣಿಕೆ ಕಟ್ಟಿದ್ದಳು. ಅವಳು ಇದನ್ನು ಊರಿಗೆಲ್ಲ ಹೇಳಿದ್ದಳು. ಬೇರೆ ಊರುಗಳಲ್ಲೂ ಹೆಚ್ಚು ಕಡಿಮೆ ಇದೇ ಕತೆ. ಒಂದು ಮನೆಗೆ ಒಬ್ಬ ಮಾದಪ್ಪ ಸಾಕು. ಗೋಡೆಗೆ ಬಂದು ಕೂತ ಮೇಲೆ ಇನ್ನೊಂದು ಪೊಟ್ಟಣ ಯಾಕೆ ಬೇಕು? ನಾನು ಬರೆದದ್ದು ಲೇಬಲ್ ಎಂದುಕೊಂಡಿದ್ದೆ, ಜನ ಅದನ್ನು ಪಟ ಮಾಡಿಕೊಂಡಿದ್ದರು.

ಗುಂಡ್ಲುಪೇಟೆಗೆ ಮರಳಿ ವಿಷಯ ತಿಳಿಸಿದೆವು. ಪುಟ್ಟತಾಯಮ್ಮ ಸರಕು ಕೆಡುತ್ತದಲ್ಲ ಎಂದು ಅಳಲಿಲ್ಲ. “ನಮ್ಮಪ್ಪನ್ನ ತಕ್ಕಂಡೋಗಿ ಬಚ್ಲಲ್ ಕೆಡುವ್‌ಬುಟ್ನಲ್ಲಾ” ಎಂದು ಅತ್ತರು. ಪುಡಿಯ ಕೋಣೆಯ ಬಾಗಿಲು ಎಳೆದುಕೊಂಡು, ಹಳೆಯ ಮನೆಗಳಿಗೆ ಕುಟ್ಟಲು ಬರುತ್ತೇನೆಂದು ಹೇಳಿಕಳಿಸಿದರು. ದೀಪಾವಳಿಗೆ ಇನ್ನು ಒಂದು ತಿಂಗಳೂ ಇರಲಿಲ್ಲ.

ನಾನು ಅವರ ಜಗಲಿಯಲ್ಲೇ ಕೂತು ಬೇರೆ ಚಿತ್ರ ಗೀಚತೊಡಗಿದೆ. ಮೊದಲು ಉದ್ದ ಜಡೆಯ ಹೆಣ್ಣು, ಪಕ್ಕದಲ್ಲೊಂದು ಬಾಚಣಿಗೆ. ಪೇಟೆಯ ಯಾವ ಕಂಪನಿಯಾದರೂ ಕಣ್ಣು ಮುಚ್ಚಿ ಒಪ್ಪುವಂಥದ್ದು. ಪುಟ್ಟತಾಯಮ್ಮ ಕಣ್ಣೊರೆಸಿಕೊಂಡು ನೋಡಿದರು.

“ನಿಮ್ ಬಾಚಣ್ಗೆಗೆ ನಾ ಹರ್ಕೆ ಹೊತ್ತಿದ್ನಾ ಮೇಷ್ಟ್ರೇ?”

ಹರಕೆಯನ್ನು ಬಿಡುವಂತಿಲ್ಲ, ದೇವರನ್ನು ಇಡುವಂತಿಲ್ಲ. ಅಡಕತ್ತರಿ ಎಂದರೆ ಇದೇ. ದೇವರನ್ನು ಬಿಟ್ಟು ಬರಿಯ ಹುಲಿಯನ್ನು ಬರೆದು ತೋರಿಸಿದೆ. ಮೀಸೆಯ ಮೇಲಿನ ಮೋಹ ನನಗಿನ್ನೂ ಹೋಗಿರಲಿಲ್ಲ. ಈ ಸಲ ನಂಜಪ್ಪ ಬೇಡವೆಂದು ತಲೆಯಾಡಿಸಿದ. “ಮಾದಪ್ಪ ಕೂತಿದ್ರೆ ಅದು ವಾಹ್ನ ಸ್ವಾಮಿ. ಇಳುದ್ರೆ ನಮ್ ಹಸ ಹಿಡಿಯೋ ಹುಲಿನೇಯ. ಹಂಗಳದಲ್ಲಿ ಅದ್ನ ಯಾರ್ ಕೊಂಡಾರು?”

ಬಂಡೀಪುರದ ಕಾಡಿಗೆ ಬೆನ್ನು ಕೊಟ್ಟು ಬದುಕುವ ಊರಿನಲ್ಲಿ ಇದಕ್ಕೆ ಎದುರಾಡುವುದು ಸಾಧ್ಯವಿರಲಿಲ್ಲ. ಹಾಳೆ ಮಗುಚಿದೆ. ಏನೂ ತೋಚದೆ, ಕೈ ಸುಮ್ಮನಿರಲಾರದೆ, ಒಂದರ ಹಿಂದೆ ಒಂದು ಬೆಟ್ಟದ ಸಾಲು ಎಳೆಯುತ್ತಾ ಹೋದೆ. ಏಳು ಸಾಲು. ದೇವರಿಲ್ಲ, ಗುಡಿಯಿಲ್ಲ, ಹುಲಿಯಿಲ್ಲ. ಮಾದಪ್ಪನ ಮೇಲೆ ಹಾಡುವ ಪದಗಳಲ್ಲಿ ಏಳುಮಲೆಯ ಮಾತು ಮತ್ತೆ ಮತ್ತೆ ಬರುತ್ತದೆ. ಗುಡಿ ಇರುವುದು ಆ ಮಲೆಗಳ ನಡುವೆ.

ಪುಟ್ಟತಾಯಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡರು. ಬೆರಳಿಟ್ಟು ಸಾಲುಗಳನ್ನು ಎಣಿಸಿದರು. “ಇದು ಏಳ್ಮಲೆ” ಎಂದರು, ನನ್ನನ್ನು ಕೇಳುವ ಹಾಗಲ್ಲ, ನನಗೆ ತಿಳಿಸುವ ಹಾಗೆ. “ಅಪ್ಪ ಒಳ್ಗವ್ನೆ.”

ನಂಜಪ್ಪನಿಗೆ ಮಾತ್ರ ಅಳುಕು. ಒಮ್ಮೆ ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಆರಿಸಿ ಕುಡಿಯುತ್ತಾನಲ್ಲ. “ಅಕ್ಕಯ್ಯ, ಬೆಟ್ಟನೂವೆ ಅವನ್ದೇ ಅಲ್ವಾ? ಅದು ಬಚ್ಲಿಗೆ ಬಿದ್ದು ಯಾರಾದ್ರೂ ತುಳುದ್ರೆ?”

ಪುಟ್ಟತಾಯಮ್ಮ ತಮ್ಮನ ಕಡೆ ತಿರುಗಿದರು. ಅಷ್ಟು ದಿನದ ಮೇಲೆ ಮೊದಲ ಸಲ ಅವರ ದನಿಗೆ ಹಳೆಯ ಖಡಕ್ಕು ಬಂದಿತ್ತು.

“ಬೆಟ್ಟ ತುಳೀದೆ ಯಾವನ್ಲಾ ಮಾದಪ್ಪನ್ ತಾವ್ಕೆ ಓಗಿರೋನು? ನಮ್ ಹೆತ್ತಪ್ಪ ವರ್ಸ ವರ್ಸಾನೂ ಅದ್ನ ತುಳ್ಕಂಡೇ ಓಗ್‌ಬತ್ತಿರ್ನಿಲ್ವಾ?”

ನಂಜಪ್ಪ ಹಾಳೆಯನ್ನು ಸುತ್ತಿ ನನ್ನ ಕೈಗೆ ಕೊಟ್ಟ. ಅದೇ ಸಂಜೆಯ ಬಸ್ಸಿಗೆ ಹೊರಟು, ಮಾರನೆಯ ದಿನ ಚಿತ್ರವನ್ನು ಶಾಯಿಯಲ್ಲಿ ತಿದ್ದಿ, ನಾನೇ ಬೆಂಗಳೂರಿಗೆ ಹೋಗಿ ಬ್ಲಾಕು ಮಾಡಿಸಿ ತಂದೆ. ಒಂದೇ ಬಣ್ಣ, ಹಸಿರು. ಅತ್ತ ಪುಟ್ಟತಾಯಮ್ಮ ಮಡಿಯಲ್ಲಿ ಕೂತು ಹಳೆಯ ಪೊಟ್ಟಣಗಳನ್ನೆಲ್ಲ ತಳದ ಅಂಟು ಬಿಡಿಸಿ ಖಾಲಿ ಮಾಡಿದರು. ಮಾದಪ್ಪನ ಚಿತ್ರದ ಕಾಗದಗಳನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಹರಿಯುವ ನೀರಿಗೆ ಬಿಟ್ಟರು. ನನ್ನ ಹುಲಿಮೀಸೆಯೂ ಅದರೊಂದಿಗೆ ಹೋಯಿತು. ಹೊಸ ಪೊಟ್ಟಣ ದೀಪಾವಳಿಗೆ ಹತ್ತಿರವಾಗಿ ಸಂತೆ ಸೇರಿತು. ಕೊಂಡವರು ಹಿಂದಿರುಗಿ ಬಂದು ಕೊಂಡರು. ಕೋಣೆ ಖಾಲಿಯಾಯಿತು. ಪುಟ್ಟತಾಯಮ್ಮ ಆಮೇಲೆ ಯಾರ ಮನೆಗೂ ಕುಟ್ಟಲು ಹೋಗಲಿಲ್ಲ.

ಮುಂದೆ ಬಹಳ ವರ್ಷ ಈ ಕಸುಬು ಮಾಡಿದೆ. ಯಾರು ಏನನ್ನು ಬರೆಸಲು ಬಂದರೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, “ಇದು ಖಾಲಿಯಾದ ಮೇಲೆ ಎಲ್ಲಿ ಬೀಳುತ್ತದೆ?” ಎಂಬುದು. ಇನ್ನೂ ಮಾರಾಟವೇ ಶುರುವಾಗಿಲ್ಲ, ಆಗಲೇ ಕಸದ ಮಾತಾಡುತ್ತೀರಲ್ಲ ಎಂದು ಎದ್ದುಹೋದವರೂ ಇದ್ದಾರೆ. ಗೋಡೆಯ ಪಟ ಕಣ್ಣೆದುರು ಉಳಿಯಬೇಕು, ಪೊಟ್ಟಣದ ಚಿತ್ರ ಹರಿದು ಕಸ ಸೇರಬೇಕು. ಇದನ್ನು ನನಗೆ ಯಾವ ಚಿತ್ರಶಾಲೆಯೂ ಕಲಿಸಿರಲಿಲ್ಲ.

ಆ ದೀಪಾವಳಿಯ ಮರುವಾರ ಒಂದು ಅಂಗಡಿ ಬೋರ್ಡಿನ ಕೆಲಸಕ್ಕೆ ಹಂಗಳಕ್ಕೆ ಹೋಗಿದ್ದೆ. ಆ ಮೊದಲ ಮನೆಯ ಹಿತ್ತಲಲ್ಲಿ ಹಾದುಬರುವಾಗ, ಬಚ್ಚಲ ನೀರು ಹೊರಬೀಳುವ ಕಡೆ ಹಸಿರು ಕಾಗದವೊಂದು ನೆನೆದು ಮುದ್ದೆಯಾಗಿತ್ತು. ಏಳರಲ್ಲಿ ಮೂರು ಬೆಟ್ಟ ಇನ್ನೂ ಕಾಣುತ್ತಿದ್ದವು. ಕತ್ತರಿ ಆಡಿಸಲು ಒಪ್ಪದ ಅದೇ ಹೆಂಗಸು, ಎಣ್ಣೆ ಇಳಿದ ಕೂದಲನ್ನು ಬೆನ್ನಿಗೆ ಹರವಿಕೊಂಡು, ಕೊಡ ಹೊತ್ತು, ಅದನ್ನು ತುಳಿದುಕೊಂಡೇ ದಾಟಿಹೋದಳು. ನನ್ನ ಚಿತ್ರವನ್ನು ಗೋಡೆಯ ಮೇಲೆ ಕಂಡಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.