ಯಾವ ಕೂಸು ಅಂತ ಕೇಳುತ್ತಿದ್ದವರು

ಮೈದಾ ಅಂಟಿಗೆ ಹುಳ ಬೀಳದಂತೆ ಮೈಲುತುತ್ತ ಬೆರೆಸಿದರೆ ಒಂದು ವಾಸನೆ ಬರುತ್ತದೆ. ಹುಳಿ ಬಂದ ಹಿಟ್ಟಿನದು ಅರ್ಧ, ಔಷಧಿ ಅಂಗಡಿಯದು ಅರ್ಧ. ಮೊನ್ನೆ ಚಿತ್ರದುರ್ಗದಲ್ಲಿ ನನ್ನ ರೂಮಿನ ಎದುರು ಗೋಡೆಗೆ ಸಿನಿಮಾ ಪೋಸ್ಟರ್ ಹಚ್ಚುವವನು ಬಕೆಟ್ ತಂದಿಟ್ಟ. ಕೆಲಸ ಮುಗಿಸಿ ಬಂದು ಅಂಗಿಯನ್ನೂ ಬಿಚ್ಚದೆ ಬಿದ್ದುಕೊಂಡಿದ್ದ ನಾನು ಎದ್ದು ಕುಳಿತೆ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಪಕ್ಕದ ಪೆಟ್ಟಿಗೆ ಅಂಗಡಿ, ಅದರೊಳಗೆ ಹರಿದ ಕಾದಂಬರಿಗಳಿಗೆ ಸಿಮೆಂಟ್ ಚೀಲದ ಕಾಗದ ಅಂಟಿಸುತ್ತಾ ಕೂತ ಪುಸ್ತಕದಣ್ಣ...

ಅವರು ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದರು. ನಾನಾಗ ಪಿಯುಸಿಯಲ್ಲಿ ಡುಮ್ಕಿ ಹೊಡೆದು, ಮತ್ತೆ ಪರೀಕ್ಷೆ ಕಟ್ಟುತ್ತೇನೆಂದು ಮನೆಯವರನ್ನು ನಂಬಿಸಿ, ಅವರ ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು ಊರವರ ದನಿ ಕದಿಯುತ್ತಿದ್ದೆ. ಕಂಡಕ್ಟರು, ಹೆಡ್ಮಾಸ್ತರು, ಮಠದ ಆಶೀರ್ವಚನ, ಯಾರೂ ಬಾಕಿಯಿಲ್ಲ. ಅಪ್ಪ ನನ್ನನ್ನು ಬಯ್ಯುವುದನ್ನು ಅಪ್ಪನಿಗಿಂತ ಚೆನ್ನಾಗಿ ಬಯ್ಯುತ್ತಿದ್ದೆ. ಅದೊಂದೇ ವಿಷಯದಲ್ಲಿ ನಾನು ಪಾಸು.

ಪುಸ್ತಕದಣ್ಣನಿಗೆ ಇಬ್ಬರು ಮಕ್ಕಳು. ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಪುಸ್ತಕದಣ್ಣನ ಸ್ವಂತ ಅಕ್ಕನನ್ನು ಹಿರಿಯೂರಿಗೆ ಕೊಟ್ಟಿತ್ತು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಆಕೆಗೆ ಮಕ್ಕಳಾಗಲಿಲ್ಲ. ಆ ವರ್ಷ ಯುಗಾದಿಗೆ ಬಂದವರು ಊಟಕ್ಕೆ ಕೂತಾಗ ಕೇಳಿಯೇಬಿಟ್ಟರಂತೆ. "ನಿನಗೆ ಎರಡವೆ. ನನಗೊಂದು ಕೊಡು. ಯಾವ ಕೂಸಾದ್ರೂ ಸರಿ."

ಸಾಕಿದವಳಿಗೆ ಇಲ್ಲ ಅನ್ನುವುದು ಹೇಗೆ? ಇವರು ಹೂಂ ಅಂದರು. ಶಾಲೆ ಶುರುವಾಗುವ ಮುಂಚೆ ಬಂದು ಕರೆದೊಯ್ಯುತ್ತೇನೆ ಎಂದು ಅಕ್ಕ ಹೊರಟರು. ಹೆಂಡತಿ ಗಂಡನಿಗೆ ಹೇಳಿದ್ದು ಇಷ್ಟೇ: "ಮಾತು ಕೊಟ್ಟೋರು ನೀವು. ಯಾವುದು ಅಂತ ಹೇಳೋರೂ ನೀವೇ." ನಮ್ಮದು ಅವರ ಪಕ್ಕದ ಮನೆ, ನಡುವೆ ಒಂದೇ ಗೋಡೆ. ಹಾಗಾಗಿ ನಮಗೆ ಗೊತ್ತಿತ್ತು. ಅಂಗಡಿಗೆ ಬರುವವರಿಗೆ ಗೊತ್ತಿರಲಿಲ್ಲ.

ಆ ಬೇಸಿಗೆಯಲ್ಲೇ ಅಂಗಡಿಗೆ ಒಂದು ಪತ್ತೇದಾರಿ ಕಾದಂಬರಿ ಬಂದಿತ್ತು. ಅದರಲ್ಲೊಬ್ಬ ದುಷ್ಟ ಒಂದು ಮನೆಯ ಇಬ್ಬರು ಮಕ್ಕಳನ್ನು, ದೊಡ್ಡದು ಹೆಣ್ಣು, ಸಣ್ಣದು ಗಂಡು, ಹೊತ್ತೊಯ್ದು, "ಒಂದು ಮಗುವಿನ ಹೆಸರು ನೀವೇ ಹೇಳಿ, ಅದನ್ನು ಬಿಡುತ್ತೇನೆ, ಇನ್ನೊಂದು ನನಗೆ" ಅನ್ನುತ್ತಾನೆ. ತಂದೆ ಫೋನು ಕೈಗೆತ್ತಿಕೊಂಡು ಬಾಯಿ ತೆರೆಯುತ್ತಾನೆ... ಅಲ್ಲಿಗೆ ಪುಸ್ತಕ ಮುಗಿಯಿತು. ಮುಂದಿನ ಹಾಳೆಗಳೇ ಇರಲಿಲ್ಲ. ಓದಿದವರು ಬಯ್ದುಕೊಂಡೇ ವಾಪಸು ತರುತ್ತಿದ್ದರು. ಪುಸ್ತಕದಣ್ಣ ತಲೆಯೆತ್ತದೆ ಅಂಟು ಸವರುತ್ತಾ ಕೇಳುತ್ತಿದ್ದರು. "ಹಾಳೆ ಉದುರಿ ಹೋಗ್ಯಾವೆ. ಇರ್ಲಿ, ನೀವಾಗಿದ್ರೆ ಯಾವ ಕೂಸನ್ನ ಬಿಟ್ಟುಕೊಡ್ತಿದ್ರಿ?"

ಊರಿನ ಅಭಿಪ್ರಾಯಗಳು ನನಗೆ ಈಗಲೂ ಬಾಯಿಪಾಠ. ಹೆಡ್ ಕಾನ್‌ಸ್ಟೇಬಲ್ ಮೀಸೆ ಒರೆಸಿಕೊಂಡು, "ಮೊದ್ಲು ಕಂಪ್ಲೇಂಟ್ ಕೊಡ್ಬೇಕಿತ್ತು ಕಣ್ರಿ, ಆ ಗಂಡಸಿಗೆ ಬುದ್ಧಿ ಇಲ್ಲ" ಅಂದರು. ಕನ್ಯಾಶಾಲೆ ಟೀಚರು, "ಸಣ್ಣದನ್ನ ಕೊಡಬೇಕ್ರಿ. ಅದು ಮರೀತೈತೆ. ದೊಡ್ಡದಕ್ಕೆ ಎಲ್ಲಾ ನೆನಪಿರ್ತೈತೆ" ಅಂದವರು, ಬೀದಿ ದಾಟಿ ಹೋಗಿ, ಮತ್ತೆ ವಾಪಸು ಬಂದು, "ಬ್ಯಾಡ್ರಿ, ಸಣ್ಣದು ರಾತ್ರಿ ಅಳ್ತೈತೆ" ಎಂದು ತಿದ್ದಿದರು. ಹೊಸದುರ್ಗದ ಬಸ್ಸಿನ ಕಂಡಕ್ಟರಿಗೆ ಮಾತ್ರ ಯಾವ ತೊಳಲಾಟವೂ ಇರಲಿಲ್ಲ. "ಹೆಣ್ಣು ಹೆಂಗೂ ಒಂದಿನ ಕೊಡೋದೇ ಅಲ್ವೇನಣ್ಣ. ಸ್ವಲ್ಪ ಬೇಗ ಕೊಟ್ಟಂಗಾತು." ಆಮೇಲೆ ಬಂದವರಲ್ಲಿ ಮುಕ್ಕಾಲು ಪಾಲು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದರು. ಕೊಡೋ ಹುಡುಗಿ, ಕೊಡೋ ಹುಡುಗಿ.

ಆ ಹುಡುಗಿ ಅಂಗಡಿಯೊಳಗೇ ಇರುತ್ತಿದ್ದಳು. ರಜಾ ದಿನಗಳಲ್ಲವೇ? ಅಪ್ಪನ ಕಾಲ ಬಳಿ ಕೂತು ಕಾಗದಕ್ಕೆ ಅಂಟು ಹಚ್ಚಿ ಕೊಡುತ್ತಿದ್ದಳು. ಪುಸ್ತಕ ತರುವವರಿಗೆ ಅವಳು ಕಾಣುತ್ತಿರಲಿಲ್ಲ.

ಸಂಜೆ ಗಿರಾಕಿ ಕಡಿಮೆಯಾದಾಗ ನಾನು ಎಲ್ಲರ ಅಭಿಪ್ರಾಯವನ್ನೂ ಅವರವರ ದನಿಯಲ್ಲಿ ಒಪ್ಪಿಸುತ್ತಿದ್ದೆ. ಪುಸ್ತಕದಣ್ಣ ಕಣ್ಣೀರು ಬರುವಷ್ಟು ನಗುತ್ತಿದ್ದರು. ಒಂದು ದಿನ ನಕ್ಕು ಸುಸ್ತಾದವರು, "ಲೇ, ಎಲ್ರ ದನೀನೂ ಆತು. ನಿಂದೇ ದನೀಲಿ ಹೇಳು ನೋಡಾಣ" ಅಂದರು.

ನನ್ನದೇ ದನಿ ಅನ್ನುವುದು ಎಲ್ಲಿತ್ತು? ಗಂಟಲಲ್ಲಿ ಹುಡುಕಿದೆ. "ಗೊತ್ತಿಲ್ಲಣ್ಣ" ಎಂಬುದೊಂದು ಹೊರಬಂತು.

"ಒಬ್ನಾದ್ರೂ ಗೊತ್ತಿಲ್ಲ ಅಂದ್ಯಲ್ಲ" ಎಂದು ಅವರು ನನ್ನ ಬೆನ್ನಿಗೊಂದು ಗುದ್ದಿದರು. ಆಮೇಲೆ ಅವರೇ ಹೇಳಿದರು. "ಹಾಳೆ ಉದುರಿಲ್ಲ ಕಣೋ. ನಾನೇ ಕಿತ್ತಿಟ್ಟೀನಿ. ಕೊನೇಗೆ ಪೊಲೀಸ್ರು ಬಂದು ಎರಡೂ ಮಕ್ಳನ್ನ ಉಳಿಸ್ತಾರೆ. ಅದನ್ನ ಓದಿದ್ರೆ ಜನ ಯೋಚ್ನೇನೇ ಮಾಡಲ್ಲ, ಚೆನ್ನಾಗೈತೆ ಅಂತ ಹೋಗ್ತಾರೆ. ನಮ್ಮನೆಗೆ ಯಾವ ಪೊಲೀಸ್ರು ಬರ್ತಾರಪ್ಪ?"

ಪೊಲೀಸರು ಬರಲಿಲ್ಲ, ಅಕ್ಕ ಬಂದರು. ಹಿರಿಯೂರಿನಿಂದ ಬೆಳಗಿನ ಬಸ್ಸಿಗೆ ಬಂದವರು ಮನೆಗೂ ಹೋಗದೆ ನೇರ ಅಂಗಡಿ ಮುಂದೆ ನಿಂತರು. ಅವರಿಗೂ ಎಷ್ಟು ಭಯವಿತ್ತೋ, ಸೆರಗನ್ನು ಬೆರಳಿಗೆ ಸುತ್ತುತ್ತಲೇ ಇದ್ದರು. "ಯಾವುದು ಅಂತ ಮಾಡಿದ್ಯಪ್ಪ?" ಅಂದರು.

ಪುಸ್ತಕದಣ್ಣ ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಹುಡುಗಿ ಎದ್ದು ನಿಂತಳು, ಕೈಗೆಲ್ಲ ಅಂಟು. "ನಾನೇ ಬರ್ತೀನಿ ಅತ್ತೆ. ಅವನು ಬ್ಯಾಡ, ಇನ್ನಾ ಹಾಸಿಗೇಲಿ ಉಚ್ಚೆ ಹೊಯ್ಕಂತಾನೆ."

ಅತ್ತೆ ನಕ್ಕರು. ನಗುತ್ತಲೇ ಅಳತೊಡಗಿದರು. ಹುಡುಗಿ ಕೈ ತೊಳೆದು ಬಂದು, "ಹೋಗಾಣ" ಅಂದಳು. ಪುಸ್ತಕದಣ್ಣ ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ಆ ವಾರವೇ ಕಿತ್ತಿಟ್ಟ ಹಾಳೆಗಳನ್ನು ಅವರು ಪುಸ್ತಕಕ್ಕೆ ಮತ್ತೆ ಅಂಟಿಸಿದರು. ಹೆಡ್ ಕಾನ್‌ಸ್ಟೇಬಲ್ಲು ಎರಡನೇ ಸಲ ಓದಿ, "ಈಗ ಸರಿ ಹೋತು ನೋಡ್ರಿ" ಎಂದು ಮೆಚ್ಚಿಕೊಂಡರು. ಯಾವ ಕೂಸು ಎಂದು ಪುಸ್ತಕದಣ್ಣ ಮತ್ತೆ ಯಾರನ್ನೂ ಕೇಳಲಿಲ್ಲ.

ಪಂಚಮಿ ಹಬ್ಬಕ್ಕೆ ಹುಡುಗಿ ಬಂದಳು. ನಮ್ಮ ಕಡೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹಬ್ಬ. ಗಂಡನ ಮನೆಯಿಂದ ಬಂದ ಹೆಂಗಸರ ಜೊತೆ ಎಂಟು ವರ್ಷದವಳೂ ಕೈಚೀಲ ಹಿಡಿದು ಬಸ್ಸಿಳಿದಳು. ಕಂಡಕ್ಟರು, "ಏನವ್ವಾ, ತವರಿಗೆ ಬಂದ್ಯಾ?" ಎಂದು ಕೆನ್ನೆ ಹಿಂಡಿದರು. ಅವಳು ಅಂಗಡಿ ಮುಂದೆ ಬಂದು ನಿಂತು, "ಮಾಮಾ" ಎಂದು ಕರೆದಳು.

ಅದು ಲೆಕ್ಕಕ್ಕೆ ಸರಿಯೇ. ಅತ್ತೆಯನ್ನು ಅವ್ವ ಅನ್ನಬೇಕಾದರೆ, ಅವ್ವನ ತಮ್ಮ ಮಾಮನೇ ತಾನೆ? ಹಿರಿಯೂರಿನಲ್ಲಿ ಹೇಳಿಕೊಟ್ಟಿದ್ದರು, ಅವಳು ಜಾಣೆ, ಕಲಿತಿದ್ದಳು. ಪುಸ್ತಕದಣ್ಣ ತಲೆಯೆತ್ತಿ, ಯಾರ ಮಾಮ ಬಂದನೆಂದು ಅತ್ತಿತ್ತ ನೋಡಿದರು. ನನ್ನನ್ನೂ ನೋಡಿದರು. ಆಮೇಲೆ ಅವರಿಗೆ ತಿಳಿಯಿತು. "ಓ" ಅಂದರು.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಲು ನನಗೆ ರಜೆ ಸಿಗಲಿಲ್ಲ... ಅಂಗಡಿ ಇದ್ದ ಜಾಗದಲ್ಲಿ ಈಗ ಸೈಕಲ್ ಪಂಕ್ಚರ್ ಹಾಕುತ್ತಾರೆ. ಊರಿಗೆ ಹೋದಾಗ ಹಳೇ ಗೆಳೆಯರು ನನ್ನ ಕೈಲಿ ಒಬ್ಬೊಬ್ಬರ ದನಿಯನ್ನೂ ತೆಗೆಸುತ್ತಾರೆ. ಕೊನೆಗೆ, ಪುಸ್ತಕದಣ್ಣನದೊಂದು ಆಗಲಿ ಅನ್ನುತ್ತಾರೆ. ಅವರದು ನನಗೆ ಬರುವುದಿಲ್ಲ ಅನ್ನುತ್ತೇನೆ. ಬರುತ್ತದೆ. ಆ ಪಂಚಮಿಯ ದಿನ ಅವರು ಅಂದ ಒಂದೇ ಅಕ್ಷರ.